ಸಹಾಯ ಬೇಕು: ಅಮ್ಮನ ಜೊತೆ ಹೊನ್ನಾವರದ ಕಾಂಡ್ಲಾ ಕಾಡಿಗೆ
ಎಲ್ಲರಿಗೂ ನಮಸ್ಕಾರ. ನಾವು ಸಾಗರದವರು. ಮಳೆ ಮುಗಿದ ಮೇಲೆ ಅಮ್ಮನನ್ನು ಹೊನ್ನಾವರದ ಕಡೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅವರಿಗೆ ಮಂಡಿನೋವು, ಹತ್ತುವ ಜಾಗ ಬೇಡವೇ ಬೇಡ. ಶರಾವತಿ ಸಮುದ್ರ ಸೇರುವ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಲಗೆ ದಾರಿ ಇದೆಯಲ್ಲ, ಅದನ್ನೇ ಮೊದಲು ಆರಿಸಿದೆ. ಉಪ್ಪುನೀರಿನ ಕೆಸರಲ್ಲಿ ಬೇರೂರಿ ನಿಲ್ಲುವ ಆ ಗಿಡಗಳನ್ನು ಅಮ್ಮ ನೋಡಲೇಬೇಕು. ನಮ್ಮ ಜೋಗದಲ್ಲಿ ಧುಮುಕಿದ ನೀರೇ ಅಲ್ವಾ ಅಲ್ಲಿಗೆ ಹೋಗುವುದು!

ಅಲ್ಲಿ ಕೈ ಹಿಡಿದು ನಡೆಯಲು ಕಂಬಿ, ಕೂರಲು ಬೆಂಚು ಇದೆಯಾ? ಬೇರುಗಳು ಚೆನ್ನಾಗಿ ಕಾಣಬೇಕಾದರೆ ಸಮುದ್ರದ ನೀರು ಇಳಿದಿರುವ ಹೊತ್ತಿಗೇ ಹೋಗಬೇಕಾ?

ಗೇರುಸೊಪ್ಪೆಯ ಚತುರ್ಮುಖ ಬಸದಿ, ಕುಮಟಾ ಹತ್ತಿರದ ಮಿರ್ಜಾನ್ ಕೋಟೆಯೂ ಮನಸ್ಸಲ್ಲಿವೆ. ಬಸದಿಯ ಹತ್ತಿರದವರೆಗೂ ಕಾರು ಹೋಗುತ್ತದಾ? ಕೋಟೆಯಲ್ಲಿ ಮೆಟ್ಟಿಲು ಜಾಸ್ತಿಯಾ? ಹಿರಿಯರನ್ನು ಕರೆದುಕೊಂಡು ಹೋದವರು ದಯವಿಟ್ಟು ತಿಳಿಸಿ.