ವಿಎಫ್‌ಡಿ ಹಾಕಿಸಿದ ಮೇಲೆ ಕೆಪ್ಯಾಸಿಟರ್ ಉಬ್ಬುತ್ತಿವೆ, ಏನು ಮಾಡೋದು?

ಪೀಣ್ಯ ಮೋಲ್ಡರ್:
ನಮಸ್ಕಾರ. ನಮ್ಮದು ಪ್ಲಾಸ್ಟಿಕ್ ಮೋಲ್ಡಿಂಗ್ ಯೂನಿಟ್. 250 ಕೆವಿಎ ಟ್ರಾನ್ಸ್‌ಫಾರ್ಮರ್, ಎಪಿಎಫ್‌ಸಿ ಪ್ಯಾನೆಲ್‌ನಲ್ಲಿ (ಪವರ್ ಫ್ಯಾಕ್ಟರ್ ಸರಿಯಾಗಿಡಲು ಕೆಪ್ಯಾಸಿಟರ್‌ಗಳನ್ನು ತಾನೇ ಆನ್-ಆಫ್ ಮಾಡುವ ಪ್ಯಾನೆಲ್) 25 ಕೆವಿಎಆರ್‌ನ (ರಿಯಾಕ್ಟಿವ್ ಪವರ್‌ನ ಅಳತೆ) ನಾಲ್ಕು ಸ್ಟೆಪ್, ಒಟ್ಟು 100. ಮೊದಲು ಯಾವ ತಕರಾರೂ ಇರಲಿಲ್ಲ. ಕರೆಂಟ್ ಉಳಿಯಲಿ ಅಂತ ಹೈಡ್ರಾಲಿಕ್ ಪಂಪುಗಳಿಗೆ ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಡ್ರೈವ್) ಹಾಕಿಸಿದೆವು, ಅಲ್ಲಿಂದ ಶುರು. ಫ್ಯೂಸ್ ಹಾರುತ್ತದೆ, ಕೆಪ್ಯಾಸಿಟರ್ ಡಬ್ಬಿಯ ತಲೆ ಉಬ್ಬುತ್ತದೆ. ಕಂಟ್ರಾಕ್ಟರ್ ‘ಕೆಪ್ಯಾಸಿಟರ್ ಸಾಲ್ತಿಲ್ಲ, 200 ಕೆವಿಎಆರ್ ಮಾಡೋಣ’ ಅಂತ ಕೊಟೇಶನ್ ಕೊಟ್ಟಿದ್ದಾರೆ. ಒಪ್ಪಿಕೊಳ್ಳಲಾ?

ಪ್ಯಾನೆಲ್ ಬೋರ್ಡ್:
ಈಗಲೇ ಬೇಡ ಸಾರ್. ಟ್ರೂ ಆರ್‌ಎಂಎಸ್ ಕ್ಲಾಂಪ್ ಮೀಟರ್‌ನಲ್ಲಿ ಒಂದು ಸ್ಟೆಪ್‌ನ ಕರೆಂಟ್ ನೋಡಿ. ಡ್ರೈವ್ ಓಡುವಾಗ ಒಮ್ಮೆ, ಎಲ್ಲ ಡ್ರೈವ್ ಆಫ್ ಮಾಡಿ ಒಮ್ಮೆ. ಡ್ರೈವ್‌ನಿಂದ ಕರೆಂಟ್‌ನ ಅಲೆ ಕೆಟ್ಟಿರುತ್ತದೆ, ಸಾದಾ ಮೀಟರ್ ಇಲ್ಲಿ ಸುಳ್ಳು ಹೇಳುತ್ತದೆ. ಟ್ರಾನ್ಸ್‌ಫಾರ್ಮರ್ ನೇಮ್ ಪ್ಲೇಟ್‌ನಲ್ಲಿ ಇಂಪಿಡೆನ್ಸ್ ಎಷ್ಟಿದೆ ಅದನ್ನೂ ಹಾಕಿ.

ಪೀಣ್ಯ ಮೋಲ್ಡರ್:
ಡ್ರೈವ್ ಆಫ್ ಇದ್ದಾಗ 31 ಆಂಪ್ಸ್, ಓಡುವಾಗ 47. ಇಂಪಿಡೆನ್ಸ್ 4.5%.

ಪ್ಯಾನೆಲ್ ಬೋರ್ಡ್:
ಹಾಗಾದರೆ ಹಾರ್ಮಾನಿಕ್ಸ್ ಸಾರ್ (50 ಹರ್ಟ್ಜ್‌ನ ಗುಣಕಗಳಲ್ಲಿ ಬರುವ ಹೆಚ್ಚುವರಿ ಕರೆಂಟ್), ಅನುಮಾನವೇ ಬೇಡ. 440 ವೋಲ್ಟ್‌ನ 25 ಕೆವಿಎಆರ್‌ಗೆ ಸುಮಾರು 33 ಆಂಪ್ಸ್ ಬರಬೇಕು. ಕೆಪ್ಯಾಸಿಟರ್ ಅದರ 1.3 ಪಟ್ಟು, ಅಂದ್ರೆ 43ರವರೆಗೆ ತಡೆಯುತ್ತದೆ. ನಿಮ್ಮದು ಅದನ್ನೂ ದಾಟಿದೆ.

ಸಾಮಾನ್ಯ 6 ಪಲ್ಸ್ ಡ್ರೈವ್ 5ನೇ ಮತ್ತು 7ನೇ ಹಾರ್ಮಾನಿಕ್ (250, 350 ಹರ್ಟ್ಜ್) ಜಾಸ್ತಿ ಎಬ್ಬಿಸುತ್ತದೆ. ಇನ್ನು ರೆಸೊನೆನ್ಸ್ (ಟ್ರಾನ್ಸ್‌ಫಾರ್ಮರ್, ಕೆಪ್ಯಾಸಿಟರ್ ಸೇರಿ ಹಾರ್ಮಾನಿಕ್ಕನ್ನು ಹಿಗ್ಗಿಸುವುದು) ಎಷ್ಟನೇ ಹಾರ್ಮಾನಿಕ್‌ಗೆ ಅಂತ ಒರಟು ಲೆಕ್ಕ ನೋಡಿ. ಟ್ರಾನ್ಸ್‌ಫಾರ್ಮರ್‌ನ 250 ಕೆವಿಎಯನ್ನು 0.045ರಿಂದ (4.5%) ಭಾಗಿಸಿ, ಬಂದದ್ದನ್ನು ಕೆವಿಎಆರ್‌ನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 100 ಕೆವಿಎಆರ್‌ಗೆ 7.45 ಬರುತ್ತದೆ, 7ರ ಪಕ್ಕದಲ್ಲೇ ರೆಸೊನೆನ್ಸ್. ಕಂಟ್ರಾಕ್ಟರ್ ಹೇಳಿದ 200 ಹಾಕಿದರೆ 5.27. ಅಂದ್ರೆ 7ನೆಯದರಿಂದ ತಪ್ಪಿಸಿಕೊಂಡು 5ನೆಯದರ ಬಾಯಿಗೆ ಬೀಳ್ತೀರಿ. ಡ್ರೈವ್‌ನಲ್ಲಿ 5ನೆಯದೇ ಜೋರು.

ಪೀಣ್ಯ ಮೋಲ್ಡರ್:
ಅಯ್ಯೋ. ಹಾಗಾದ್ರೆ 7% ರಿಯಾಕ್ಟರ್ ಅಂತಾರಲ್ಲ, ಅದೇನಾ?

ಪ್ಯಾನೆಲ್ ಬೋರ್ಡ್:
ಅದೇ. ಪ್ರತಿ ಸ್ಟೆಪ್‌ಗೂ ಸರಣಿಯಲ್ಲಿ ಡಿಟ್ಯೂನ್ಡ್ ರಿಯಾಕ್ಟರ್ (ಒಂದು ಕಾಯಿಲ್). 7% ಇದ್ದರೆ ಟ್ಯೂನಿಂಗ್ 189 ಹರ್ಟ್ಜ್‌ಗೆ ಇಳಿಯುತ್ತದೆ, 250ರ ತಂಟೆಗೆ ಹೋಗುವುದಿಲ್ಲ. ಆದರೆ ಹಳೇ ಕೆಪ್ಯಾಸಿಟರ್‌ಗೆ ಸುಮ್ನೆ ರಿಯಾಕ್ಟರ್ ಸಿಕ್ಕಿಸಬೇಡಿ. ರಿಯಾಕ್ಟರ್ ಬಂದರೆ ಕೆಪ್ಯಾಸಿಟರ್ ಮೇಲಿನ ವೋಲ್ಟೇಜ್ 440ರಿಂದ ಸುಮಾರು 473ಕ್ಕೆ ಏರುತ್ತದೆ. 525 ವೋಲ್ಟ್‌ನದು ತಗೊಳ್ಳಿ. ಅದರ ಮೇಲೆ 25 ಕೆವಿಎಆರ್ ಅಂತ ಬರೆದಿದ್ದರೂ ಅದು 525 ವೋಲ್ಟ್‌ನ ಲೆಕ್ಕ, 440ರಲ್ಲಿ ನಿಮಗೆ ಸಿಗುವುದು 19ರಷ್ಟೇ. 25 ಬೇಕಿದ್ದರೆ 33 ಕೆವಿಎಆರ್ ಹಾಕಿಸಿ. ಕೊಟೇಶನ್‌ಗಳಲ್ಲಿ ಎಡವಟ್ಟಾಗುವುದು ಇಲ್ಲೇ.

ಶಿಫ್ಟ್ ಎಲೆಕ್ಟ್ರಿಷಿಯನ್:
ಒಂದು ಮಾತು ಸೇರಿಸ್ತೀನಿ. ಮೋಟಾರಿಗೆ ವಿಎಫ್‌ಡಿ ಬಂದ ಮೇಲೆ ಅದಕ್ಕೆ ಮೊದಲಿನಷ್ಟು ಕೆವಿಎಆರ್ ಬೇಕಾಗಲ್ಲ. 100 ಪೂರ್ತಿ ಬೇಕಾ ಅಂತ ಮೊದಲು ಅಳೆಸಿ. ಡ್ರೈವ್‌ನ ಔಟ್‌ಪುಟ್ ಕಡೆ ಹಳೇ ಕೆಪ್ಯಾಸಿಟರ್ ಯಾವುದಾದರೂ ಉಳಿದಿದೆಯಾ ನೋಡಿ, ಇದ್ದರೆ ಇವತ್ತೇ ತೆಗೆಸಿ.

ಪ್ಯಾನೆಲ್ ಬೋರ್ಡ್:
ಹೌದು. ಪವರ್ ಅನಲೈಸರ್ ಒಂದು ವಾರ ಕೂರಿಸಿ ರಿಪೋರ್ಟ್ ಕೊಡಬೇಕು ಅಂತ ವರ್ಕ್ ಆರ್ಡರ್‌ನಲ್ಲೇ ಬರೆಸಿ, ರಿಯಾಕ್ಟರ್ ಸೈಜ್ ಆಮೇಲೆ. ಅಲ್ಲಿವರೆಗೆ ಉಬ್ಬಿದ ಸ್ಟೆಪ್ ಬಂದ್ ಮಾಡಿ. ಬಿಚ್ಚುವಾಗ ಆಫ್ ಮಾಡಿದ ತಕ್ಷಣ ಟರ್ಮಿನಲ್ ಮುಟ್ಟಬೇಡಿ, ಡಿಸ್ಚಾರ್ಜ್ ಆಗಲು ಬಿಟ್ಟು ಮೀಟರ್ ಇಟ್ಟು ನೋಡಿ. ಉಬ್ಬಿದ್ದರಲ್ಲಿ ಡಿಸ್ಚಾರ್ಜ್ ರೆಸಿಸ್ಟರ್ ಸುಟ್ಟಿರಬಹುದು.