ಬ್ರಾಡ್‌ಕಾಸ್ಟ್ ಮೆಸೇಜ್ ಎಲ್ಲ ನೋಡ್‌ಗೂ ಯಾಕೆ ತಲುಪುತ್ತಿಲ್ಲ?

ಪ್ರಶ್ನೆ: ಜಯನಗರದ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಪ್ರತಿ ನೀರಿನ ಟ್ಯಾಂಕ್‌ಗೂ ಒಂದು ಲೋರಾ ನೋಡ್ (ಕಡಿಮೆ ಪವರ್‌ನಲ್ಲಿ ದೂರಕ್ಕೆ ಕಳಿಸುವ ಸಣ್ಣ ರೇಡಿಯೋ) ಕೂರಿಸಿದ್ದೇನೆ. 865–867 ಮೆಗಾಹರ್ಟ್ಸ್, ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್; ಜಾಸ್ತಿಯಾದಷ್ಟೂ ದೂರ ಹೋಗುತ್ತದೆ, ಆದರೆ ನಿಧಾನ) 12. ನೀರಿನ ಮಟ್ಟ ಬದಲಾದಾಗ ನೋಡ್ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಬೇರೆ ಹೊತ್ತಲ್ಲಿ ಸರಿಯಾಗಿದೆ. ಕಾವೇರಿ ನೀರು ಬಿಟ್ಟಾಗ ಮಾತ್ರ ಅರ್ಧಕ್ಕರ್ಧ ಮೆಸೇಜ್ ಮಾಯ. ಪಂಪ್ ನಿಲ್ಲದೆ ನೀರು ಚೆಲ್ಲಿದರೆ ಹೊಟ್ಟೆ ಉರಿಯುತ್ತದೆ. ಪವರ್ ಜಾಸ್ತಿ ಮಾಡಲಾ?

ಉತ್ತರ 1: ಪವರ್ ಮುಟ್ಟಬೇಡಿ. ನೀರು ಬಿಟ್ಟಾಗ ಎಲ್ಲ ಟ್ಯಾಂಕ್‌ನ ನೋಡ್‌ಗಳೂ ಒಟ್ಟಿಗೆ ಕೂಗಿ ಮೆಸೇಜ್‌ಗಳು ಡಿಕ್ಕಿ ಹೊಡೆಯುತ್ತವೆ. ನೀವು ಕಟ್ಟಿರುವುದು ಶುದ್ಧ ಅಲೋಹಾ, ಅಂದರೆ ಯಾರು ಬೇಕಾದರೂ ಯಾವಾಗ ಬೇಕಾದರೂ ಕಳಿಸುವುದು. ಹವಾಯಿಯಲ್ಲಿ ನಾರ್ಮನ್ ಅಬ್ರಾಮ್ಸನ್ 1970ರಲ್ಲಿ ವಿವರಿಸಿದ ವಿಧಾನ. ಅದರಲ್ಲಿ ಚಾನೆಲ್‌ನ 18.4% ಮಾತ್ರ ಉಪಯೋಗಕ್ಕೆ ಬರುತ್ತದೆ, ಅದೇ ಗರಿಷ್ಠ. ಎಲ್ಲರೂ ಒಂದೇ ಗಡಿಯಾರಕ್ಕೆ ಹೊಂದಿಕೊಂಡು ಸ್ಲಾಟ್‌ನಲ್ಲಿ (ನಿಗದಿತ ಸಮಯದ ತುಂಡಿನಲ್ಲಿ) ಕಳಿಸಿದರೆ 36.8%. ಆದರೆ ಆ ಗರಿಷ್ಠದಲ್ಲೂ ಒಂದೊಂದು ಮೆಸೇಜ್ ಉಳಿಯುವ ಸಾಧ್ಯತೆ 37% ಅಷ್ಟೇ! ನಿಮಗೆ ಬೇಕಾದದ್ದು ನಂಬಿಕೆ, ಅಲ್ವಾ? ಸ್ಲಾಟ್ ಇಲ್ಲದೆಯೂ ಒಟ್ಟು ಲೋಡ್ (ಎಲ್ಲರ ಮೆಸೇಜ್ ಸೇರಿ ಗಾಳಿಯಲ್ಲಿರುವ ಹೊತ್ತು) 5% ಒಳಗಿಟ್ಟರೆ ಸುಮಾರು 90% ಮೆಸೇಜ್ ತಲುಪುತ್ತವೆ.

ಎಸ್‌ಎಫ್ 12 ಬಿಟ್ಟು 7ಕ್ಕೆ ಬನ್ನಿ. ಸಣ್ಣ ಮೆಸೇಜ್ ಗಾಳಿಯಲ್ಲಿರುವ ಹೊತ್ತು ಇಪ್ಪತ್ತು ಪಟ್ಟಿಗೂ ಜಾಸ್ತಿ ಇಳಿಯುತ್ತದೆ. ಒಂದೇ ಕಟ್ಟಡಕ್ಕೆ ದೂರದ ರೇಂಜ್ ಯಾಕೆ?

ಪ್ರಶ್ನೆ ಕೇಳಿದವರು: ತಲುಪಿತು ಅಂತ ಪ್ರತಿ ನೋಡ್ ವಾಪಸ್ ಹೇಳಿದರೆ?

ಉತ್ತರ 2: ಬೇಡ. ಒಂದು ಕೂಗಿಗೆ ಎಲ್ಲರೂ ಒಟ್ಟಿಗೆ ಓಗೊಟ್ಟರೆ ಆ ಓಗೊಡುವಿಕೆಯೇ ಡಿಕ್ಕಿ ಹೊಡೆಯುತ್ತದೆ. ವೈಫೈನಲ್ಲೂ ಬ್ರಾಡ್‌ಕಾಸ್ಟ್‌ಗೆ ಎಸಿಕೆ (ತಲುಪಿತು ಅನ್ನುವ ಉತ್ತರ) ಇಲ್ಲ. ಬದಲಿಗೆ ಅದೇ ಮಟ್ಟವನ್ನು ಎರಡು ಸಲ, ನಡುವೆ ರ‍್ಯಾಂಡಮ್ ಅಂತರ ಬಿಟ್ಟು ಕಳಿಸಿ. ಮೂರು ನಾಲ್ಕು ಸಲ ಸುಮ್ನೆ ಕಳಿಸಬೇಡಿ, ಲೋಡ್ ಏರುತ್ತದೆ. ಪಂಪ್ ನೋಡ್‌ಗೆ ಸ್ವಲ್ಪ ಹೊತ್ತು ಏನೂ ಕೇಳಿಸದಿದ್ದರೆ ಪಂಪ್ ತಾನೇ ಆಫ್ ಆಗುವ ಹಾಗೆ ಪ್ರೋಗ್ರಾಂ ಬರೆಯಿರಿ. ಇದನ್ನು ಮೊದಲು ಮಾಡಿ.