ಹಳೇ ಮನೆಗೆ ಇವಿ ಚಾರ್ಜರ್: 15 ಆಂಪ್ ಪಾಯಿಂಟ್ ಸಾಕಾ, ಗೋಡೆ ಬಾಕ್ಸೇ ಬೇಕಾ?

ಬಸವೇಶ್ವರನಗರ_ಟೀಚರ್:
ಎಲ್ಲರಿಗೂ ನಮಸ್ಕಾರ. ನಮ್ಮದು 30×40 ಸೈಟಿನ ಹಳೇ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು, ಮೀಟರ್ ಬೇರೆ ಬೇರೆ. ಟಾಟಾದ ಎಲೆಕ್ಟ್ರಿಕ್ ಕಾರು ಟಿಯಾಗೊ ಇವಿ ಬುಕ್ ಮಾಡಿದ್ದೇವೆ, 24 ಕಿಲೋವ್ಯಾಟ್ ಅವರ್ ಬ್ಯಾಟರಿಯದ್ದು. ಶೋರೂಮಿನವರು ಗೋಡೆಗೆ 7.2 ಕಿಲೋವ್ಯಾಟಿನ ಚಾರ್ಜರ್ ಬಾಕ್ಸ್ ಹಾಕಿಸಿ ಅನ್ನುತ್ತಾರೆ. ನಮ್ಮ ಯಜಮಾನರು ವಾಷಿಂಗ್ ಮಷಿನ್ ಪಾಯಿಂಟಿಗೇ ಚುಚ್ಚೋಣ ಅನ್ನುತ್ತಾರೆ. ನಾನು ದಿನಾ ಪೀಣ್ಯದ ಶಾಲೆಗೆ ಹೋಗಿಬರುವುದು, ಸುತ್ತಾಟ ಸೇರಿ 30 ಕಿಲೋಮೀಟರ್ ಒಳಗೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್ (ಒಂದೇ ಸಲಕ್ಕೆ ಬಳಸಬಹುದಾದ ಮಿತಿ) 3 ಕಿಲೋವ್ಯಾಟ್ ಅಂತ ಇದೆ. ಈಗ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದೆ, ಅದು ಹೋಗಿಬಿಡುತ್ತಾ? ಮಾಡಿಸಿದವರು ದಯವಿಟ್ಟು ಹೇಳಿ.

ನಾಗರಭಾವಿ_ನಿವಾಸಿ:
ಮೇಡಂ, ಗೃಹಜ್ಯೋತಿ ವಿಷಯ ಮಾತ್ರ ಹೇಳುತ್ತೇನೆ. 200 ಯೂನಿಟ್ ತನಕ ಉಚಿತ ಅಂದರೂ ನಿಮ್ಮ ಪಾಲಿನ ಮಿತಿ ಬೇರೆ. 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ. 10 ಸೇರಿಸಿ ನಿಗದಿ ಮಾಡಿದ್ದಾರೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಅಂತ ಹಿಡಿದರೂ ನಿಮ್ಮ ಕಾರಿಗೆ ದಿನಕ್ಕೆ ನಾಲ್ಕೈದು ಯೂನಿಟ್ ಬೇಕು. ಅದಕ್ಕೇ ನಾನು ಬೆಸ್ಕಾಂನಲ್ಲಿ ಇವಿಗೆ ಅಂತಲೇ ಪ್ರತ್ಯೇಕ ಮೀಟರ್ ತಗೊಂಡೆ. ಅದಕ್ಕೆ ದರಪಟ್ಟಿಯಲ್ಲೇ ಬೇರೆ ವರ್ಗ ಇದೆ. ಮನೆ ಮೀಟರಿಗೆ ಕಾರಿನ ಒಂದು ಯೂನಿಟ್ಟೂ ಸೇರುವುದಿಲ್ಲ. ಡಿಪಾಸಿಟ್, ನಿಗದಿತ ಶುಲ್ಕ ಎಲ್ಲ ಬೇರೆ ಬರುತ್ತದೆ, ಮೊದಲು ಲೆಕ್ಕ ಹಾಕಿ ನೋಡಿ.

ವೈರ್‌ಮನ್_ರಾಜಾಜಿನಗರ:
ಮೇಡಂ, ನಿಮ್ಮ ಓಡಾಟಕ್ಕೆ 15 ಆಂಪ್ ಸಾಕು. 3.3 ಕಿಲೋವ್ಯಾಟ್‌ನಲ್ಲಿ ಬ್ಯಾಟರಿ ಪೂರ್ತಿ ಖಾಲಿಯಿದ್ದರೂ ಎಂಟೊಂಬತ್ತು ಗಂಟೆ, ದಿನದ ಬಳಕೆಗಾದರೆ ಗಂಟೆ ಒಂದೂವರೆ. ಆದರೆ ವಾಷಿಂಗ್ ಮಷಿನ್ ಪಾಯಿಂಟಿಗೆ ಬೇಡ. ಗೀಸರ್ ಅರ್ಧ ಗಂಟೆ ಓಡಿ ನಿಲ್ಲುತ್ತದೆ. ಕಾರು ಕೆಲವು ಸಲ ರಾತ್ರಿಯೆಲ್ಲಾ ಒಂದೇ ಸಮ ಎಳೆಯುತ್ತದೆ. ಹಳೇ ಸಾಕೆಟ್ ಬಿಸಿಯಾಗಿ ಕರಗಿದ್ದನ್ನು ನಾನು ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಮುಟ್ಟಲೇಬೇಡಿ.

ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗಕ್ಕೆ ನೇರವಾಗಿ ಬೇರೆ ಲೈನ್ ಎಳೆಸಿ. ತಾಮ್ರದ ವೈರ್, 6 ಸ್ಕ್ವೇರ್ ಎಂಎಂ. 15 ಆಂಪಿಗೆ 4 ಸಾಕು, ನಿಜ. ಆದರೆ ಮುಂದೆ 7.2 ಬಾಕ್ಸ್ ಹಾಕಿಸಿದರೆ 32 ಆಂಪ್ ಎಳೆಯುತ್ತದೆ, ಆಗ ಮತ್ತೆ ಗೋಡೆ ಒಡೆಯಬೇಕು. ಅದೇ ಲೈನಿಗೆ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್), 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಇರಲಿ. ಆರ್‌ಸಿಸಿಬಿ ಟೈಪ್ ಎ ಕೇಳಿ ತಗೊಳ್ಳಿ, ಅಂಗಡಿಯವರು ಸುಮ್ನೆ ಟೈಪ್ ಎಸಿ ಕೊಟ್ಟುಬಿಡುತ್ತಾರೆ, ಅದು ಎಸಿ ಸೋರಿಕೆ ಮಾತ್ರ ಹಿಡಿಯುತ್ತದೆ.

ಲೋಡ್ 3 ಕಿಲೋವ್ಯಾಟ್ ಸಾಲದು. ಕಾರೊಂದೇ 3.3, ಅದರ ಜೊತೆ ಗೀಸರಿಗೆ ಇನ್ನೆರಡು ಕಿಲೋವ್ಯಾಟ್. ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೈಲಿ ಅರ್ಜಿ ಹಾಕಿಸಿ ಹೆಚ್ಚಿಸಿಕೊಳ್ಳಿ. ಇವಿಗೆ ಬೇರೆ ಮೀಟರ್ ತಗೊಂಡರೆ ಮನೆಯ ಲೋಡ್ ಮುಟ್ಟುವುದೇ ಬೇಡ.

ಇದೆಲ್ಲಕ್ಕಿಂತ ಮೊದಲು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ನೋಡಿಸಿ. ಹಳೇ ಮನೆಗಳಲ್ಲಿ ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿ ಇರುತ್ತದೆ. ಆಮೇಲೆ ಅದರ ಮೇಲೆ ಟೈಲ್ಸ್ ಹಾಕಿಸುತ್ತಾರೆ, ನೀರು ಬೀಳುವುದೇ ಇಲ್ಲ, ಪೈಪು ತುಕ್ಕು ಹಿಡಿದಿರುತ್ತದೆ. ಫ್ಯಾನು, ಟಿವಿಗೆ ಏನೂ ಗೊತ್ತಾಗುವುದಿಲ್ಲ. ಕಾರಿನ ಚಾರ್ಜರ್ ಮಾತ್ರ ಅರ್ಥ್ ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಆಗ ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ಗೂ (ಕರೆಂಟ್ ವಾಪಸ್ ಹೋಗುವ ವೈರ್) ಅರ್ಥಿಗೂ ಒಂದು ತುಂಡು ವೈರ್ ಸೇರಿಸಿ "ಆಯ್ತು ಸಾರ್" ಅಂತ ಹೊರಡುತ್ತಾರೆ. ದೀಪವೇನೋ ಹಸಿರಾಗುತ್ತದೆ. ಆದರೆ ಎಲ್ಲಾದರೂ ನ್ಯೂಟ್ರಲ್ ಕಟ್ ಆದರೆ ಕಾರಿನ ಬಾಡಿಗೇ ಕರೆಂಟ್ ಬರುತ್ತದೆ. ಮಳೆಯಲ್ಲಿ ಬಾಗಿಲ ಹಿಡಿಗೆ ಮಗು ಕೈ ಇಟ್ಟರೆ ಏನಾಗಬಹುದು ಯೋಚಿಸಿ. ಇದನ್ನು ಯಾರು ಮಾಡಿದರೂ ಒಪ್ಪಬೇಡಿ, ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಬಸವೇಶ್ವರನಗರ_ಟೀಚರ್:
ತುಂಬಾ ಥ್ಯಾಂಕ್ಸ್ ಅಣ್ಣ. ನೀವು ಹೇಳಿದ ಮೇಲೆ ಎಲೆಕ್ಟ್ರಿಷಿಯನ್ ಕರೆಸಿದ್ವಿ. ನ್ಯೂಟ್ರಲ್‌ಗೂ ಅರ್ಥಿಗೂ ಮಧ್ಯೆ 11 ವೋಲ್ಟ್ ಬರುತ್ತಿದೆ. ಅವರು ನೀವು ಬೇಡ ಅಂದಿದ್ದನ್ನೇ ಮಾಡಿಕೊಡುತ್ತೇನೆ ಅಂದರು! ಬೇಡ ಅಂತ ಕಳಿಸಿದೆ. ಬೇರೆ ಮೀಟರಿಗೂ ಅರ್ಜಿ ಹಾಕುತ್ತಿದ್ದೇವೆ. ಈಗ ಮುಂದೇನು?

ವೈರ್‌ಮನ್_ರಾಜಾಜಿನಗರ:
ಒಳ್ಳೇದು ಮಾಡಿದಿರಿ ಮೇಡಂ. 11 ಜಾಸ್ತಿ ಆಯ್ತು, ಎರಡು ಮೂರರ ಒಳಗಿರಬೇಕು. ಮನೆಯ ಮೇನ್ ಆಫ್ ಮಾಡಿಸಿ ಮೀಟರ್ ಹತ್ತಿರ ಮತ್ತೆ ಅಳೆಸಿ. ಆಗ ಇಳಿದರೆ ಮನೆಯೊಳಗೇ ಎಲ್ಲೋ ನ್ಯೂಟ್ರಲ್ ಜಾಯಿಂಟ್ ಸಡಿಲ ಇರಬಹುದು, ಬಿಚ್ಚಿ ನೋಡಬೇಕು. ಇಳಿಯದಿದ್ದರೆ ಕಂಬದಿಂದ ಬರುವ ಲೈನಿನ ಕಡೆ ಅನುಮಾನ, ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡಿ. ಎರಡರಲ್ಲಿ ಯಾವುದೇ ಆಗಿರಲಿ, ಹೊಸ ಅರ್ಥ್ ಗುಂಡಿ ತೆಗೆಸಿಯೇಬಿಡಿ. ತಾಮ್ರ ಲೇಪಿಸಿದ ರಾಡ್, ಸುತ್ತ ಅರ್ಥಿಂಗ್ ಕಾಂಪೌಂಡ್, ಮೇಲೆ ತೆಗೆದು ನೀರು ಹಾಕುವಂಥ ಮುಚ್ಚಳ. ಆಮೇಲೆ ಅರ್ಥ್ ಟೆಸ್ಟರ್ ಇರುವವರ ಹತ್ತಿರ ಅಳೆಸಿ. 5 ಓಮ್ ಒಳಗೆ ಬಂದರೆ ಮಾತ್ರ ದುಡ್ಡು ಕೊಡಿ. ಬಂದ ರೀಡಿಂಗ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.